ಐಸ್ ಹಾಕಿ, ತಪ್ಪದೆ ಬನ್ನಿ

ಏಪ್ರಿಲ್ ಹದಿನೇಳರ ಶನಿವಾರ, ಸಂಜೆ ಆರು ಗಂಟೆ ಮೂವತ್ತೆಂಟು ನಿಮಿಷಕ್ಕೆ, ಸತ್ಯಪ್ರಕಾಶ್ ಲ್ಯಾಪ್‌ಟಾಪನ್ನು ಕುಕ್ಕರ್ ಮೇಲೆ ಕೂರಿಸುತ್ತಿದ್ದ. ಕ್ಯಾಮೆರಾ ಮುಖದ ಮಟ್ಟಕ್ಕೆ ಬರಬೇಕಾದರೆ ಡಬ್ಲಿನ್ ಸಿಟಿವೆಸ್ಟ್‌ನ ಆ ಫ್ಲ್ಯಾಟಿನಲ್ಲಿ ಐದು ಲೀಟರಿನ ಕುಕ್ಕರೇ ಸರಿಯಾದ ಎತ್ತರ ಎಂದು ಮೊದಲ ಲಾಕ್‌ಡೌನಿನಲ್ಲೇ ಅಳೆದು ಕಂಡುಕೊಂಡಿದ್ದ. ಹೆಂಡತಿ ಅನಸೂಯ ಪಕ್ಕದಲ್ಲೇ ನಿಂತು ಅವನ ಮೂಗಿನ ಕೆಳಗೆ ಫೋನ್ ಹಿಡಿದಿದ್ದಳು.

ಅನಸೂಯ: ನೀವೇ ಬರೆದಿದ್ದು, ನೀವೇ ಗಟ್ಟಿಯಾಗಿ ಓದಿ.

ಸತ್ಯಪ್ರಕಾಶ್: 'ಯುಗಾದಿ ರಸಪ್ರಶ್ನೆ. ಶನಿವಾರ ಸಂಜೆ ಏಳಕ್ಕೆ, ಝೂಮ್‌ನಲ್ಲಿ. ಐಸ್ ಹಾಕಿ. ತಪ್ಪದೆ ಬನ್ನಿ.' ಇದರಲ್ಲಿ ತಪ್ಪೇನಿದೆ?

ಅನಸೂಯ: ಯಾವುದಕ್ಕೆ ಹಾಕಬೇಕು?

ಸತ್ಯಪ್ರಕಾಶ್: ಏನನ್ನ?

ಅನಸೂಯ: ಐಸ್.

ಸತ್ಯಪ್ರಕಾಶ್: ಹಾಕೋದಲ್ಲ ಕಣೇ, ಹಾಕಿ. ಕೋಲು ಹಿಡ್ಕೊಂಡು ಆಡೋ ಆಟ. ರಸಪ್ರಶ್ನೆಯ ವಿಷಯ ಅದು.

ಅನಸೂಯ: ಅದು ನಿಮಗೆ ಗೊತ್ತು. ಅಧ್ಯಕ್ಷರು ದ್ರಾಕ್ಷಾಯಿಣಿ ಆಂಟಿ ಮಧ್ಯಾಹ್ನದಿಂದ ಫೋನ್ ಮೇಲೆ ಫೋನ್. 'ಹಬ್ಬದ ಕಾರ್ಯಕ್ರಮಕ್ಕೆ ಐಸ್ ಹಾಕ್ಕೊಂಡು ಕೂರೋದು ನಮ್ಮ ಕನ್ನಡ ಸಂಘದಲ್ಲಿ ಯಾವಾಗಿಂದ ಶುರುವಾಯ್ತಮ್ಮ' ಅಂತ. ಗ್ರೂಪಿನಲ್ಲಿ ಆ ರೋಹನ್ ನೋಡಿದ್ರೆ, 'ಗ್ರ್ಯಾಂಡ್, ಸೋಡಾ ನಾನೇ ತಂದ್ಕೋತೀನಿ' ಅಂತ ರಿಪ್ಲೈ ಮಾಡಿದಾನೆ.

ಅಷ್ಟರಲ್ಲಿ ಪರದೆಯ ಮೇಲೆ ಮೊದಲ ಕಿಟಕಿ ತೆರೆಯಿತು. ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಯಲ್ಲಿ ಕೆಲಸ ಮಾಡುವ, ಹುಬ್ಬಳ್ಳಿ ಮೂಲದ ಗೆಳೆಯ ಸರ್ಫರಾಜ್. ತುಟಿ ಒಣಗಿತ್ತು. ಯುಗಾದಿಯ ವಾರದಲ್ಲೇ ರಂಜಾನ್ ಉಪವಾಸ ಶುರುವಾಗಿತ್ತು.

ಸರ್ಫರಾಜ್: ಸತ್ಯಾ, ಮುಂಜಾನಿಂದ ಒಂದು ಗುಟುಕು ನೀರು ಕುಡದಿಲ್ಲ ನಾ. ರೋಜಾ ಇದ್ದಾಂವಂಗ 'ಐಸ್ ಹಾಕಿ, ತಪ್ಪದೆ ಬನ್ನಿ' ಅಂತ ಕರೀತಿಯಲ್ಲೋ.

ಸತ್ಯಪ್ರಕಾಶ್: ಆಟ ಕಣೋ ಅದು, ಆಟ.

ಸರ್ಫರಾಜ್: ನಮ್ಮ ಮಂದಿಗೆ ನಾನೂ ಹಂಗ ಹೇಳಿದೆ. 'ಆಟನ ಮತ್ತ, ಸಿಟಿವೆಸ್ಟಿನವ್ರು ನಮ್ಮ ಜೋಡಿ ಆಟ ಆಡ್ಲಿಕ್ಕತ್ತಾರ' ಅಂದ್ರು.

ಅವರು ಹಾಗೆ ಅನ್ನುವುದಕ್ಕೆ ಕಾರಣವಿತ್ತು. ಹೋದ ದೀಪಾವಳಿಯ ರಸಪ್ರಶ್ನೆಯಲ್ಲಿ, ಚುರುಮುರಿಗೆ ಸರಿಯಾದ ಹೆಸರು ಕಡ್ಲೆಪುರಿ ಎಂದು ಮೈಸೂರಿನವನಾದ ಸತ್ಯಪ್ರಕಾಶ್ ತೀರ್ಪು ಕೊಟ್ಟಿದ್ದ. ಮರುಕ್ಷಣವೇ ಉತ್ತರ ಕರ್ನಾಟಕದವರ ಕಿಟಕಿಗಳು ಒಂದೊಂದಾಗಿ ಆರಿಹೋದವು. ರಾತ್ರಿಯೊಳಗೆ ಅವರೇ ಹೆಚ್ಚಿರುವ ಲೀಕ್ಸ್‌ಲಿಪ್‌ನಲ್ಲಿ ಇನ್ನೊಂದು ವಾಟ್ಸಾಪ್ ಗ್ರೂಪು ಹುಟ್ಟಿತ್ತು. ಒಬ್ಬರ ಮನೆಗೊಬ್ಬರು ಹೋಗಲಾಗದ ಕಾಲದಲ್ಲಿ ಸಂಘ ಎಂದು ಉಳಿದಿದ್ದುದು ಎಲ್ಲರೂ ಇದ್ದ ಹಳೆಯ ಗ್ರೂಪು ಮಾತ್ರ. ಅದನ್ನೂ ಕಡ್ಲೆಪುರಿ ಒಡೆದಿತ್ತು. ಈಗ ಸರ್ಫರಾಜ್ ಮನೆಮನೆಗೆ ಫೋನ್ ಮಾಡಿ ಎಲ್ಲರನ್ನೂ ಒಂದು ಸಂಜೆಗೆ ಒಪ್ಪಿಸಿದ್ದ. ಇವತ್ತೂ ಕೆಟ್ಟರೆ ಮುಂದಿನ ಯುಗಾದಿಗೆ ಎರಡು ಸಂಘ, ಎರಡು ಅಧ್ಯಕ್ಷಗಿರಿ.

ಅನಸೂಯ: ಲೋಕದ ವಿಷಯವೆಲ್ಲ ಬಿಟ್ಟು ಇದೇ ಯಾಕೆ ಬೇಕಿತ್ತು?

ಸತ್ಯಪ್ರಕಾಶ್: ಒಂದೊಂದೇ ತೆಗೆದುಹಾಕ್ತಾ ಬಂದೆ. ಅಡುಗೆ ಅಂದ್ರೆ ಏನಾಗುತ್ತೆ ಅಂತ ನೋಡಿದ್ವಿ. ಸಿನಿಮಾ ಅಂದ್ರೆ ಹೀರೋ ಜಗಳ. ನದಿ ಅಂದ್ರೆ ನೀರಿನ ಜಗಳ. ಕೊನೆಗೆ ಉಳಿದಿದ್ದು ಯಾರಿಗೂ ಏನೂ ಗೊತ್ತಿಲ್ಲದ ವಿಷಯ. ಗೊತ್ತಿಲ್ಲದ ವಿಷಯಕ್ಕೆ ಯಾರಾದ್ರೂ ಜಗಳ ಆಡ್ತಾರಾ?

ಅನಸೂಯ: ಒಂದು ವರ್ಷದಿಂದ ಗ್ರೂಪಿನಲ್ಲಿ ವೈರಸ್ ಬಗ್ಗೆ ಬರ್ತಿರೋದು ನೀವು ಓದೇ ಇಲ್ಲ ಅಂತಾಯ್ತು.

ಸರ್ಫರಾಜ್: ಇರ್ಲಿ ಬಿಡ್ರಿ ಭಾಬಿ. ಟೀಮ್ ಯಾವುದೋ?

ಸತ್ಯಪ್ರಕಾಶ್: ಬೆಲ್‌ಫಾಸ್ಟ್ ಜೈಂಟ್ಸ್. ಇಲ್ಲಿಂದ ಎರಡು ಗಂಟೆ ದಾರಿ. ಕೊರೊನಾ ಅಂತ ಈ ಸೀಸನ್ ಆಡಲೇ ಇಲ್ಲ. ಗೆದ್ದೂ ಇಲ್ಲ, ಸೋತೂ ಇಲ್ಲ. ಇದಕ್ಕಿಂತ ತಟಸ್ಥ ಟೀಮ್ ಎಲ್ಲಿ ಸಿಗುತ್ತೆ? ಮೊದಲನೇ ಪ್ರಶ್ನೆ ಕೇಳು, ಅವರ ಜೆರ್ಸಿ ಯಾವ ಬಣ್ಣ? ಆ ಊರಲ್ಲಿ ಹಸಿರು ಹಾಕಿದ್ರೆ ಒಂದು ಪಂಗಡ, ನೀಲಿ ಹಾಕಿದ್ರೆ ಇನ್ನೊಂದು. ಅದಕ್ಕೇ ಇವರು ಯಾರದ್ದೂ ಅಲ್ಲದ ಟೀಲ್ ಬಣ್ಣ ಆರಿಸ್ಕೊಂಡ್ರು. ಪಂಗಡ ಗೊತ್ತಾಗುತ್ತೆ ಅಂತ ಫುಟ್‌ಬಾಲ್ ಜೆರ್ಸಿ ಹಾಕ್ಕೊಂಡು ಮ್ಯಾಚಿಗೆ ಬರೋ ಹಾಗೂ ಇಲ್ಲ.

ಸರ್ಫರಾಜ್: ಟೀಲ್ ಅಂದ್ರ?

ಸತ್ಯಪ್ರಕಾಶ್ ಜೆರ್ಸಿಯ ಚಿತ್ರವನ್ನು ಪರದೆಗೆ ತಂದ.

ಅನಸೂಯ: ಓ, ಆನಂದ ಬ್ಲೂ.

ಸರ್ಫರಾಜನ ಹಿಂದಿನ ಅಡುಗೆಮನೆಯಿಂದ ಅವನ ಹೆಂಡತಿ ಶಮ್ಸುನ್ನೀಸಾಳ ದನಿ ಬಂತು.

ಶಮ್ಸುನ್ನೀಸಾ: ಅದರಾಗ ಬ್ಲೂ ಎಲ್ಲೈತ್ರಿ ಭಾಬಿ? ಅದು ರಾಮಾ ಗ್ರೀನ್.

ಅನಸೂಯ: ನನ್ನ ಮದುವೆ ಸೀರೆ ಇದೇ ಬಣ್ಣ ಕಣ್ರೀ. ಅಂಗಡಿಯವನು ಆನಂದ ಬ್ಲೂ ಅಂತಾನೇ ಕೊಟ್ಟಿದ್ದು.

ಶಮ್ಸುನ್ನೀಸಾ: ಅಂಗಡಿಯಾಂವ ಮಾರೋದು ನೋಡ್ತಾನ್ರಿ, ಬಣ್ಣ ನೋಡ್ತಾನೇನು?

ಸತ್ಯಪ್ರಕಾಶ್: ಇಬ್ಬರೂ ಕೇಳಿ. ತರಂಗಾಂತರದ ಲೆಕ್ಕದಲ್ಲಿ ಅದು ಎರಡರ ನಡುವೆ—

ಅನಸೂಯ: ನೀವು ಸುಮ್ಮನಿರಿ.

ಗಂಟೆ ಏಳಾಯಿತು. ಪಟಪಟನೆ ಕಿಟಕಿಗಳು ತೆರೆದುಕೊಂಡವು. ರೋಹನ್ ಮಾತ್ರ ಗ್ಲಾಸು ಹಿಡಿದು ಕೂತಿದ್ದ. ಅಧ್ಯಕ್ಷರ ಮುಖ ಕಂಡದ್ದೇ ಗ್ಲಾಸು ಕೆಳಗಿಳಿಯಿತು. ಸ್ವಾಗತ ಭಾಷಣಕ್ಕೆ ಯಾರೂ ಕಾಯಲಿಲ್ಲ. ಪರದೆಯ ಮೇಲಿದ್ದ ಜೆರ್ಸಿ ನೋಡಿ 'ಅದು ನೀಲಿ', 'ಅಲ್ಲ, ಹಸಿರು' ಎಂದು ಬಂದವರು ಬಂದಂತೆ ನುಗ್ಗಿದರು. ಸತ್ಯಪ್ರಕಾಶ್ ಕಿಟಕಿಗಳನ್ನು ಎಣಿಸತೊಡಗಿದ. ಇನ್ನೇನು, ದೀಪಾವಳಿಯ ಹಾಗೆ ಕಿಟಕಿಗಳು ಆರತೊಡಗುತ್ತವೆ.

ಒಂದೂ ಆರಲಿಲ್ಲ. ಹೆಂಗಸರು ಬೀರು ತೆಗೆದು ಸೀರೆಗಳನ್ನು ತಂದು ಕ್ಯಾಮೆರಾಕ್ಕೆ ಹಿಡಿದರು. ಗಂಡಸರು ಅವನ್ನು ಬೆಳಕಿಗೆ ತಿರುಗಿಸಿ ತೋರಿಸಿದರು.

ದ್ರಾಕ್ಷಾಯಿಣಿ: ನಾನು ಮೈಸೂರಿನವಳೇ. ಆದರೂ ಹೇಳ್ತೀನಿ, ಶಮ್ಸುನ್ನೀಸಾ ಹೇಳಿದ್ದೇ ಸರಿ. ಹಸಿರು.

ಸರ್ಫರಾಜ್: ನಾ ಹುಬ್ಬಳ್ಳಿಯಾಂವ. ನನಗ ಮಾತ್ರ ನೀಲೀನ ಕಾಣ್ತೈತಿ.

ಶಮ್ಸುನ್ನೀಸಾ: ಖಾಲಿ ಹೊಟ್ಟ್ಯಾಗ ಅವ್ರ ಮಾತು ಕೇಳಬ್ಯಾಡ್ರಿ.

ಸಿಟಿವೆಸ್ಟ್ ಅರ್ಧ ಹಸಿರಿಗೆ ಹೋಯಿತು, ಲೀಕ್ಸ್‌ಲಿಪ್ ಅರ್ಧ ನೀಲಿಗೆ ಬಂತು. ಯಾರು ಎಲ್ಲಿಯವರೆಂದು ವಿಂಗಡಿಸುವುದು ಸತ್ಯಪ್ರಕಾಶನಿಗೂ ಅಸಾಧ್ಯವಾಯಿತು.

ಎಂಟೂ ಇಪ್ಪತ್ತಕ್ಕೆ ಸೂರ್ಯ ಮುಳುಗಿದ. ಸರ್ಫರಾಜ್ ಕೈ ಎತ್ತಿದ. ಎಲ್ಲರೂ ಸೀರೆ ತೊಡೆಯ ಮೇಲಿಟ್ಟುಕೊಂಡರು. ಅವನು ಖರ್ಜೂರ ಬಾಯಿಗಿಟ್ಟು ನೀರು ಕುಡಿಯುವವರೆಗೂ ಯಾರೂ ಉಸಿರೆತ್ತಲಿಲ್ಲ.

ದ್ರಾಕ್ಷಾಯಿಣಿ: ನಿಧಾನವಾಗಿ ತಿನ್ನಪ್ಪ. ಹೊಟ್ಟೆಗೆ ಬಿದ್ದಮೇಲೆ ಹಸಿರು ಕಾಣುತ್ತೆ.

ಸತ್ಯಪ್ರಕಾಶ್: ಹಾಗಾದ್ರೆ ಎರಡನೇ ಪ್ರಶ್ನೆಗೆ ಹೋಗೋಣ್ವಾ?

ಎಲ್ಲರೂ: ಬೇಡ.

ಐದು ತಿಂಗಳಲ್ಲಿ ಸಂಘ ಒಮ್ಮತದಿಂದ ಹೇಳಿದ ಮೊದಲ ಮಾತು ಅದು. ಅನಸೂಯ ಮೈಕ್ ಮುಚ್ಚಿ, ನಗು ತಡೆದುಕೊಂಡು ಗಂಡನ ಕಡೆ ಬಾಗಿದಳು.

ಅನಸೂಯ: ಕಮಿಟಿ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ರಲ್ಲ, ಒಂದು ಪ್ರಶ್ನೆಗೆ ಎಷ್ಟು ಹೊತ್ತು ಸಾಕು ಅಂತ?

ಸತ್ಯಪ್ರಕಾಶ್: ಮೂವತ್ತು ಸೆಕೆಂಡು.