ಗಿಡ್ಡನ ಮುಯ್ಯಿ

ಶೇಂಗಾ ಕೀಳುವ ದಿನಗಳು. ಎರಡು ದಿನದ ಹಿಂದಿನ ಮಳೆಗೆ ತಾವರಗೇರಾದ ಕೆಂಪು ಮಸಾರಿ ನೆಲ ಹದವಾಗಿತ್ತು. ಗಾಳೇಶನ ಹೊಲದಲ್ಲಿ ಬೆಳಿಗ್ಗೆ ಏಳಕ್ಕೇ ನಾಲ್ಕು ಬೆನ್ನು ಬಾಗಿದ್ದವು. ಬೀಜಕ್ಕೆಂದು ಬಿಟ್ಟಿದ್ದ ಅರ್ಧ ಎಕರೆಯಷ್ಟೇ ಉಳಿದಿತ್ತು. ಪಡುವಣದಲ್ಲಿ ಮೋಡಗಳು ಹೊಂಡಕ್ಕೆ ಹೊರಟ ಎಮ್ಮೆಗಳಂತೆ ಒಂದಕ್ಕೊಂದು ಮೈ ಒತ್ತಿಕೊಂಡು ಬರುತ್ತಿದ್ದವು. ಇನ್ನೊಂದು ಮಳೆ ಬಿದ್ದರೆ ಕಾಯಿ ನೆಲದಲ್ಲೇ ಮೊಳೆಯುತ್ತದೆ. ಕೂಲಿಯಾಳುಗಳು ಎಲ್ಲೂ ಸಿಕ್ಕಿರಲಿಲ್ಲ. ಅದಕ್ಕೇ ಮೂವರು ಗೆಳೆಯರು ಮುಯ್ಯಿಗೆ ಬಂದಿದ್ದರು: ಇಂದು ಇವನ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ಇವನು.

ಬಂದದ್ದು ಭಾನುವಾರದ ಆಟ ಬಿಟ್ಟು. ಅವರಲ್ಲೊಬ್ಬಳಾದ, ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಮುಬಾಶಿರಾ ವಾರಕ್ಕೊಮ್ಮೆ ಅಲ್ಲಿ ಕತೆ ಹೇಳುತ್ತಾಳೆ. ಉಳಿದವರು ಆ ಕತೆಯೊಳಗಿನ ಜನರಾಗಿ ದಾಳ ಉರುಳಿಸುತ್ತಾರೆ. ದೈತ್ಯ, ಕಿನ್ನರ, ಮೊಣಕಾಲೆತ್ತರದ ಗಿಡ್ಡ, ಯಾರಿಗೆ ಎಷ್ಟು ಬಲ ಎಂಬುದೆಲ್ಲ ಅವಳ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಹೋದ ವಾರ ಗಾಳೇಶನ ದೈತ್ಯ ಬಾವಿಗೆ ಬಿದ್ದು ಸತ್ತಿದ್ದ. ಇನ್ನು ಅವನು ಯಾವ ಕುಲದವನಾಗಿ ಹುಟ್ಟಬೇಕೆಂಬ ಚರ್ಚೆ ಎರಡನೇ ಸಾಲಿಗೇ ಶುರುವಾಯಿತು.

ಟ್ರ್ಯಾಕ್ಟರ್ ರಿಪೇರಿಯ ವಿರುಪಾಕ್ಷಿ ಆಟದಲ್ಲಿ ದೈತ್ಯ. “ಮತ್ತ ದೈತ್ಯನೇ ಆಗೋ. ಇಬ್ಬರ ಭಾರ ಒಬ್ಬನೇ ಹೊರ್ತಾನ,” ಎಂದ.

ಅಂಚೆ ಹಂಚುವ ಮಾಂತೇಶ ಕಿನ್ನರರ ಪಕ್ಷ. “ಹೊತ್ತು ಏನ್ ಮಾಡ್ತಿ? ಅಂಥಾ ದೊಡ್ಡ ಬಾವಿ ಕಾಣಲಿಲ್ಲ ಅಂವಗ. ಕಿನ್ನರರ ಕಣ್ಣು ಹರದಾರಿ ದೂರ ನೋಡ್ತಾವ.”

ವಾದ ಏರಿದಂತೆ ಕೈಗಳು ನಿಂತವು. ಕಿತ್ತ ಗಿಡಗಳನ್ನೇ ಗದೆಯಂತೆ ಬೀಸಿ ಮಾತಾಡುತ್ತಿದ್ದರಿಂದ ಎಲ್ಲರ ತಲೆಯ ಮೇಲೂ ಮಣ್ಣು. ಹನ್ನೊಂದಕ್ಕೆ ನೋಡಿದರೆ ಮುಗಿದದ್ದು ಆರೇ ಸಾಲು. ಗಾಳೇಶ ಒಮ್ಮೆ ಮೋಡ, ಒಮ್ಮೆ ಗೆಳೆಯರನ್ನು ನೋಡುತ್ತಿದ್ದ. ಪುಕ್ಕಟೆ ಬಂದವರಿಗೆ ಗದರುವುದು ಹೇಗೆ?

ಅಷ್ಟರಲ್ಲಿ ಪಕ್ಕದ ಹೊಲದ ಕಸ್ತೂರೆಮ್ಮ ಬದುವಿನ ಮೇಲೆ ಬಂದು ಕೂತಳು. ಊರಿನ ಮುಯ್ಯಿ ಲೆಕ್ಕವೆಲ್ಲ ಅವಳ ಬೆರಳಲ್ಲಿ. ಅವಳು ಮಡಚಿದ ಬೆರಳನ್ನು ಬಿಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕಾಲು ತಾಸು ಎಲ್ಲ ಕೇಳಿಸಿಕೊಂಡಳು.

“ಬಾಯಿಲೆ ಯಾಕ ಬಡದಾಡ್ತೀರಿ? ಯಾರ್ ಯಾವ ಮಂದಿ ಅದೀರಿ, ಹಂಗ ದುಡದು ತೋರಸ್ರಿ.”

ಮಾತು ನಾಟಿತು. ವಿರುಪಾಕ್ಷಿ ಎರಡೆರಡು ಹೊರೆ ಒಟ್ಟಿಗೇ ಹೊತ್ತು ತಗಡಿನ ಶೆಡ್ಡಿಗೆ ನಡೆದ. ಮಾಂತೇಶ ಮಣ್ಣಲ್ಲಿ ಉಳಿದ ಒಂಟಿ ಕಾಯಿಯನ್ನೂ ಬಿಡದೆ ಹೆಕ್ಕಿದ. ಮುಬಾಶಿರಾ ನೋಟ್‌ಬುಕ್ಕನ್ನು ಬುತ್ತಿಗಂಟಿನ ಪಕ್ಕ ಇಟ್ಟು ಸಾಲು ಹಿಡಿದಳು. ಗಾಳೇಶ ಹೊರೆಗಳ ರಾಶಿಯನ್ನು ನೋಡಿದ. ಆಮೇಲೆ ನೋಯುತ್ತಿದ್ದ ತನ್ನ ಸೊಂಟವನ್ನು ನೆನೆದ.

“ನಾ ಗಿಡ್ಡ. ಬರ್ಕೊಳವಾ ಮುಬಾಶಿರಾ.”

“ವಿಚಾರ ಮಾಡಣ್ಣಾ. ಬರದ್ ಮ್ಯಾಲ ಬದಲಿಲ್ಲ.”

“ಗಿಡ್ಡನೇ.”

ನಿಯಮದಂತೆ ಗಿಡ್ಡ ಹೊರುವುದು ಅರ್ಧ ಭಾರ. ಮಧ್ಯಾಹ್ನವೆಲ್ಲ ಗಾಳೇಶ ಆರತಿ ತಟ್ಟೆ ಹಿಡಿದವನಂತೆ ಅರ್ಧ ಹೊರೆ ಹಿಡಿದು ಓಡಾಡಿದ.

ಸಂಜೆ ಕೊನೆಯ ಹೊರೆ ಒಳಗೆ ಹೋಯಿತು, ತಗಡಿನ ಮೇಲೆ ಮೊದಲ ಹನಿ ಬಿತ್ತು. ಗಾಳೇಶನ ಕಣ್ಣು ತುಂಬಿತು.

“ನೀವು ಬರ್ಲಿಲ್ಲಂದ್ರ ನನ್ನ ಬೀಜ ಹೋಗತಿತ್ತು. ಮುಯ್ಯಿ ತೀರಸ್ತೇನಿ. ಒಬ್ಬೊಬ್ಬರಿಗೂ ಒಂದ್ ದಿನ.”

ಮಳೆಗೆ ಶೆಡ್ಡಿನೊಳಗೆ ಬಂದಿದ್ದ ಕಸ್ತೂರೆಮ್ಮ ಬೆರಳು ಮಡಚತೊಡಗಿದಳು. “ವಿರುಪಾಕ್ಷಿಗೆ ಹ್ಯಾಂಗ ಒಂದು? ಇಬ್ಬರ ಕೆಲಸ ಮಾಡ್ಯಾನ. ಅಂವಗ ಎರಡು.”

ನ್ಯಾಯವೇ ಎನಿಸಿತು. “ಆತಬೇ, ಒಟ್ಟು ನಾಕು ದಿನ.”

“ಯಾರ ನಾಕು? ನೀ ಗಿಡ್ಡ ಅದಿ. ನಿಂದು ದಿನಕ್ಕ ಅರ್ಧ ಕೆಲಸ. ಎಂಟು.”

ಗಾಳೇಶ ಮುಬಾಶಿರಾಳ ಕಡೆ ನೋಡಿದ. ಅವಳು ಮರುಕದಿಂದಲೇ ನೋಟ್‌ಬುಕ್ಕು ತೆರೆದು ತೋರಿಸಿದಳು.

“ಬರೋ ವಾರ ಆ ಗಿಡ್ಡನ್ನೂ ಬಾವಿಗೆ ಹಾಕ್ತೇನಿ,” ಎಂದ ಗಾಳೇಶ.

“ಗಿಡ್ಡರು ಮುನ್ನೂರು ವರ್ಷ ಬದುಕ್ತಾರಣ್ಣಾ. ಬಾವಿಗೆ ಬಿದ್ರ ತೇಲ್ತಾರ.”

ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ಬೀಜ ನೆನೆಯದೆ ಬೆಚ್ಚಗಿತ್ತು. ಎಂಟು ದಿನವೂ ಕಡಿಮೆಯೇ ಎನಿಸಿ ಗಾಳೇಶ ನಕ್ಕುಬಿಟ್ಟ.

ನೆಲ ಆರಿದ ಮೇಲೆ ವಿರುಪಾಕ್ಷಿಯ ಹೊಲಕ್ಕೆ ಎಲ್ಲರಿಗಿಂತ ಮೊದಲು ಹೋದವನು ಅವನೇ. ಉಪಕಾರ ನೆನೆದು, ಸೊಂಟ ಮರೆತು, ಇಡೀ ದಿನ ತುಂಬು ಹೊರೆಗಳನ್ನೇ ಹೊತ್ತ. ಹೊತ್ತು ಮುಳುಗುವಾಗ ಬೆವರು ಒರೆಸಿಕೊಳ್ಳುತ್ತ ಬದುವಿನ ಕಡೆ ನೋಡಿದ. ಲೆಕ್ಕಕ್ಕೆಂದು ಅಲ್ಲಿಗೂ ಬಂದು ಕೂತಿದ್ದ ಕಸ್ತೂರೆಮ್ಮ ಕೈ ಎತ್ತಿ, ಎಲ್ಲರಿಗೂ ಕಾಣುವಂತೆ, ಕಿರುಬೆರಳನ್ನು ಅರ್ಧ ಮಡಚಿದಳು.