ಕಾರಣ ಬರೆಯುವ ನಾದಿನಿ

ನನ್ನ ನಾದಿನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಗಳುತ್ತಿದ್ದೇನೆ ಎಂದುಕೊಂಡಿರಾ? ಖಂಡಿತ ಇಲ್ಲ. ಇದು ಇಪ್ಪತ್ತೆರಡು ವರ್ಷ ಅವರೊಂದಿಗೆ ಒಂದೇ ಸೂರಿನಡಿ ಬಾಳಿದವಳ ದೂರು. ಬೀಗರ ಮನೆಯಲ್ಲಿ ಪಾಯಸ ಬಡಿಸುತ್ತ "ಹೇಗಿದೆ?" ಎಂದು ಕೇಳಿದವರಿಗೆ, "ತಳ ಹತ್ತಿದೆ, ಆದ್ರೆ ಗೋಡಂಬಿ ಚೆನ್ನಾಗಿ ಹುರಿದಿದೀರ" ಎಂದು ಉತ್ತರಿಸಿ, ಇನ್ನೊಂದು ಸೌಟು ಹಾಕಿಸಿಕೊಂಡ ಹೆಂಗಸು ಅವರು. ನಾನೋ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್ ನಮಗೆ ರಜಾ ಅರ್ಜಿ ಬರೆಯುವುದನ್ನು ಕಲಿಸಿದ್ದರು. ಅಜ್ಜಿಯ ಊರಿಗೆ ಹೋದರೂ ಜ್ವರ, ಚಿಕ್ಕಮ್ಮನ ಮದುವೆಗೆ ಹೋದರೂ ಜ್ವರ. ಜ್ವರ ಬಿಟ್ಟು ಬೇರೆ ಕಾರಣ ಹೇಳುವಷ್ಟು ಇಂಗ್ಲಿಷ್ ನಮಗೆ ಬರುತ್ತಲೂ ಇರಲಿಲ್ಲ.

ನಾದಿನಿ ಎಂದರೆ ನನ್ನ ಗಂಡನ ಅಕ್ಕ. ಐವತ್ತಮೂರು ವರ್ಷ, ಮದುವೆಯಾಗಲಿಲ್ಲ. ದೊಡ್ಡಬಳ್ಳಾಪುರದ ಈ ಮನೆಯಲ್ಲೇ ಹುಟ್ಟಿದವರು. ಈಗ ಮಹಡಿಯ ಕೋಣೆಯೇ ಅವರ ಆಫೀಸು. ತರಕಾರಿ ಇಡುವ ಶೀತಲ ಗೋದಾಮುಗಳ ಕಂಪನಿಯೊಂದರ ಕಂಪ್ಯೂಟರ್‌ಗಳನ್ನು ಅಲ್ಲಿಂದಲೇ ನೋಡಿಕೊಳ್ಳುತ್ತಾರೆ. ಪಕ್ಕದ ಮನೆಯ ಪವರ್‌ಲೂಮ್ ದಿನವಿಡೀ ಖಟಖಟ ಎನ್ನುತ್ತಿರುವುದರಿಂದ, ಕಂಪನಿಯ ಪುಣೆ ಆಫೀಸಿನವರು ಮೊದಲ ಆರು ತಿಂಗಳು ಇವರು ರೈಲಿನಲ್ಲಿ ಕುಳಿತೇ ಕೆಲಸ ಮಾಡುತ್ತಾರೆಂದು ನಂಬಿದ್ದರಂತೆ.

ಆ ಕಂಪ್ಯೂಟರ್‌ಗಳೊಳಗೆ ಹೋಗಲು ಅವರ ಬಳಿ ಒಂದು ತಂತ್ರಾಂಶವಿದೆ. ಅದರ ವಿಶೇಷವೇನೆಂದರೆ ಕೀಲಿಕೈ ಯಾರ ಹತ್ತಿರವೂ ಇರುವುದಿಲ್ಲ. ಯಾವ ಯಂತ್ರ, ಎಷ್ಟು ಹೊತ್ತು, ಯಾಕೆ ಎಂದು ಪ್ರತಿ ಸಲವೂ ಬರೆದು ಕೇಳಬೇಕು. ಪುಣೆಯಲ್ಲಿರುವ ಮೇಲಧಿಕಾರಿ ಮೇಡಂ ಒಪ್ಪಿದರೆ ಬಾಗಿಲು ತೆರೆಯುತ್ತದೆ, ಕೇಳಿದ ಹೊತ್ತು ಮುಗಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ಮಾಡಿದ್ದೆಲ್ಲ ರೆಕಾರ್ಡ್ ಆಗುತ್ತದೆ. ಐವತ್ತು ವರ್ಷದಿಂದ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ನನ್ನ ಅತ್ತೆಗೆ ಇದು ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ.

"ಬೀಗದ ಕೈ ಇಲ್ದೆ ಬಾಗಿಲು ಹೆಂಗೆ ತೆಗೀತೀಯೇ?"

"ಕೇಳ್ತೀನಮ್ಮ, ಕೊಡ್ತಾರೆ. ಕೆಲ್ಸ ಆದ್ಮೇಲೆ ತಾನೇ ಹೋಗುತ್ತೆ."

"ಹಂಗಾದ್ರೆ ಆ ಮನೆಗೆ ಯಜಮಾನಿ ಯಾರು?"

ನಾದಿನಿ ಅರ್ಧ ನಿಮಿಷ ಯೋಚಿಸಿ, "ಗೊತ್ತಿಲ್ಲಮ್ಮ" ಎಂದರು. ಸುಳ್ಳು ಹೇಳಲು ಬರುವುದಿಲ್ಲವಲ್ಲ.

ಈ ತಂತ್ರಾಂಶಕ್ಕೆ ಎರಡು ಮುಖ. ಒಂದರಲ್ಲಿ ಬಣ್ಣದ ಗುಂಡಿಗಳ ಪಟ್ಟಿ, ಒತ್ತಿದರೆ ಸಾಕು. ಇನ್ನೊಂದು ಬರಿಯ ಕಪ್ಪು ಪರದೆ, ಅಲ್ಲಿ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಬೇಕು. ನಾದಿನಿಯದು ಯಾವಾಗಲೂ ಕಪ್ಪು ಪರದೆ. "ಗುಂಡಿ ಒತ್ತಿದ್ರೆ ನಾನೇನು ಮಾಡ್ದೆ ಅಂತ ನಂಗೇ ಗೊತ್ತಾಗಲ್ಲ ಕಣೇ. ಬರೆದ್ರೆ ಗೊತ್ತಾಗುತ್ತೆ" ಎನ್ನುತ್ತಾರೆ.

ಆದರೆ ಅವರ ನಿಜವಾದ ಪ್ರತಿಭೆ ಬೆಳಗಿದ್ದು 'ಕಾರಣ' ಎಂಬ ಆ ಖಾಲಿ ಜಾಗದಲ್ಲಿ. ಉಳಿದ ಉದ್ಯೋಗಿಗಳೆಲ್ಲ ಅಲ್ಲಿ 'ನಿರ್ವಹಣೆ' ಎಂದು ಒಂದೇ ಪದ ಬರೆದು ಕೈತೊಳೆದುಕೊಳ್ಳುತ್ತಾರಂತೆ. ಇವರು ಹಾಗಲ್ಲ. "ಪಕ್ಕದ ಮನೆಯ ಮಗ್ಗದ ಸದ್ದು ನಿಂತಿದೆ, ಅಂದರೆ ಕರೆಂಟು ಹೋಗಿದೆ. ಯುಪಿಎಸ್ ನಲವತ್ತು ನಿಮಿಷ ಬರುತ್ತದೆ. ಅಷ್ಟರೊಳಗೆ ಹಳೆಯ ಕಡತಗಳನ್ನು ಅಳಿಸಬೇಕು. ನಿನ್ನೆಯೇ ಅಳಿಸಬೇಕಿತ್ತು, ನಿದ್ದೆ ಬಂತು." ಇದೆಲ್ಲ ಇಂಗ್ಲಿಷಿನಲ್ಲಿ! ವ್ಯಾಕರಣ ತಿದ್ದಲು ನನಗೆ ಮಹಡಿಯಿಂದ ಕರೆ ಬರುತ್ತಿತ್ತು. ಒಗ್ಗರಣೆಯ ಒಲೆ ಆರಿಸಿ, ಮೆಟ್ಟಿಲು ಹತ್ತಿ ಹೋಗಿ ಅಲ್ಪವಿರಾಮ ಹಾಕಿ ಬರುತ್ತಿದ್ದೆ. ಒಮ್ಮೆ ಪುಣೆಯ ಮೇಡಂ ದಯವಿಟ್ಟು ಚಿಕ್ಕದಾಗಿ ಬರೆಯಿರಿ ಎಂದು ಕೇಳಿಕೊಂಡರು. ನಾದಿನಿ ಬಹಳ ಪ್ರಯತ್ನಪಟ್ಟು, ಚಿಕ್ಕದಾಗಿ ಬರೆದರೆ ಏನೇನು ಬಿಟ್ಟುಹೋಗುತ್ತದೆ ಎಂಬುದನ್ನು ಒಂದು ಪುಟದಲ್ಲಿ ವಿವರಿಸಿದರು.

ರೆಕಾರ್ಡಿಂಗಿನ ಕಥೆ ಇನ್ನೊಂದು. ಬಾಗಿಲು ತೆರೆಯಿತೆಂದರೆ ಅವರು ಎದ್ದು ತಲೆ ಬಾಚಿ, ಸೆರಗು ಸರಿಮಾಡಿಕೊಂಡು, ಬೆನ್ನು ನೇರ ಮಾಡಿ ಕೂರುತ್ತಾರೆ.

"ಅಕ್ಕಾ, ಅದ್ರಲ್ಲಿ ನೀವು ಟೈಪ್ ಮಾಡಿದ್ದು ಮಾತ್ರ ತಾನೇ ಬರೋದು?"

"ಹೌದು."

"ಮತ್ತೆ ಈ ಅಲಂಕಾರ?"

"ನೈಟಿ ಹಾಕ್ಕೊಂಡು ಟೈಪ್ ಮಾಡಿದ್ರೆ ಅಕ್ಷರದಲ್ಲೇ ಗೊತ್ತಾಗ್ಬಿಡುತ್ತೆ ಕಣೇ" ಎಂದರು, ನಗದೆ.

ಇಂಥವರು ಒಂದು ಗುರುವಾರ ನಿಜಕ್ಕೂ ತಪ್ಪು ಮಾಡಿದರು. ಅದಕ್ಕೆ ಮೂಲ ನಾನೇ. ನಂಟರು ಬರುವವರಿದ್ದರೆಂದು ಹಪ್ಪಳ ಕರಿದುಕೊಡಿ ಎಂದಿದ್ದೆ. ಎಣ್ಣೆ ಸಿಡಿದು ಅವರ ಬಲಗೈಯ ಎರಡು ಬೆರಳಿಗೆ ಬೊಬ್ಬೆ ಬಂತು. ಟೈಪ್ ಮಾಡಲಾಗದೆ ಅಂದು ಬಣ್ಣದ ಗುಂಡಿಗಳ ಮುಖವನ್ನೇ ತೆರೆದರು. ಪಟ್ಟಿಯಲ್ಲಿ ಒಂದರ ಕೆಳಗೊಂದು ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಯಂತ್ರಗಳು. ನಿಲ್ಲಿಸಬೇಕಾದ್ದು ಮೇಲಿನದು, ಅನುಮತಿ ಕೇಳಿ ನಿಲ್ಲಿಸಿದ್ದು ಕೆಳಗಿನದು. ಹೊಸಕೋಟೆಯ ಗೋದಾಮಿನ ಗೇಟಿನಲ್ಲಿ ಲಾರಿಗಳನ್ನು ನೋಂದಾಯಿಸುವ ಯಂತ್ರ ಅದು. ಸೊಪ್ಪು, ಟೊಮೆಟೊ ಹೊತ್ತ ಲಾರಿಗಳು ಹಳೇ ಮದ್ರಾಸು ರಸ್ತೆಯಲ್ಲಿ ಇಪ್ಪತ್ತು ನಿಮಿಷ ಸಾಲುಗಟ್ಟಿ ನಿಂತವು.

ಸರಿಪಡಿಸಲು ಮತ್ತೆ ಒಳಗೆ ಹೋಗಬೇಕಲ್ಲ? ಕಾರಣ ಬರೆಯಬೇಕಲ್ಲ? ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರಿಂದ ಟೈಪ್ ಮಾಡಲು ನನ್ನನ್ನು ಕರೆದರು. ನಾನು ಮೆತ್ತಗೆ ಕೇಳಿದೆ:

"'ಅನಿವಾರ್ಯ ಕಾರಣಗಳಿಂದ' ಅಂತ ಹಾಕ್ಲಾ ಅಕ್ಕಾ?"

"ಅನಿವಾರ್ಯ ಏನಿತ್ತು? ಹಪ್ಪಳನಾ?"

ಅವರು ಹೇಳಿದಂತೆಯೇ ಬರೆದೆ: "ನಾನು ಈಗಷ್ಟೇ ತಪ್ಪು ಯಂತ್ರವನ್ನು ನಿಲ್ಲಿಸಿದ್ದೇನೆ. ಅದನ್ನು ಮತ್ತೆ ಓಡಿಸಲು."

ಸಂಜೆ ವಿಷಯ ತಿಳಿದ ನನ್ನ ಗಂಡ ತಲೆ ಚಚ್ಚಿಕೊಂಡರು. "ಸರ್ವರ್ ಹ್ಯಾಂಗ್ ಆಗಿತ್ತು ಅಂದಿದ್ರೆ ಮುಗ್ದೋಗ್ತಿತ್ತಲ್ಲಕ್ಕಾ. ಆ ರೆಕಾರ್ಡ್ ಎಲ್ಲಾ ಯಾರು ಕೂತ್ಕೊಂಡು ನೋಡ್ತಾರೆ?"

"ನಾನು ನೋಡಿದೀನಲ್ಲೋ" ಎಂದರು ನಾದಿನಿ.

ಮರುದಿನ ಬೆಳಿಗ್ಗೆ ಕಂಪನಿಯಿಂದ ಪತ್ರ ಬಂತು. ವಿಚಾರಣೆ ಮುಗಿಯುವವರೆಗೆ ಅವರಿಗೆ ಯಾವ ಯಂತ್ರಕ್ಕೂ ಪ್ರವೇಶವಿಲ್ಲ, ಕೆಲಸದಲ್ಲಿ ಮುಂದುವರಿಸುವುದೋ ಬೇಡವೋ ಎಂಬುದನ್ನು ಸೋಮವಾರ ತಿಳಿಸಲಾಗುವುದು. ಈ ವಯಸ್ಸಿನಲ್ಲಿ ಇದು ಹೋದರೆ ಇನ್ನೊಂದು ಕೆಲಸ ಸಿಗುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವರು ಅಳಲಿಲ್ಲ, ಮಂಕಾಗಿ ಕೂರಲೂ ಇಲ್ಲ. ಪತ್ರ ಓದಿ ಕೆಳಗೆ ಬಂದರು, ಅಷ್ಟೇ. ಆದರೆ ಮಧ್ಯಾಹ್ನದ ಹೊತ್ತಿಗೆ ನಾನೊಂದು ಸಣ್ಣ ಸಂಗತಿ ಗಮನಿಸಿದೆ. ಹಜಾರದಲ್ಲಿ ನಿಂತು, "ಫ್ಯಾನ್ ಹಾಕ್ಕೊಳ್ಲಾ?" ಎಂದು ಕೇಳಿದರು. ಏನೋ ಯೋಚನೆಯಲ್ಲಿ ಹಾಗೆ ಕೇಳಿದರೇನೋ ಎಂದುಕೊಂಡೆ. ಸಂಜೆ, "ಟಿವಿ ಹಾಕಿದ್ರೆ ನಿಂಗೇನೂ ತೊಂದ್ರೆ ಇಲ್ವಾ?" ಶನಿವಾರ ಅಡುಗೆಮನೆಯ ಬಾಗಿಲಲ್ಲೇ ನಿಂತು, "ಒಂದು ಲೋಟ ಕಾಫಿ ಮಾಡ್ಕೊಳ್ಲಾ? ಹಾಲು ಸಾಲುತ್ತಾ?" ಅವರು ಹುಟ್ಟಿದ ಮನೆ. ಮದುವೆಯಾಗಿ ಬಂದವಳು ನಾನು. ಆ ಡಿಕಾಕ್ಷನ್ ಹಾಕುವುದನ್ನು ನನಗೆ ಕಲಿಸಿದ್ದೇ ಅವರು.

ಇದಕ್ಕೆ ಏನು ಹೇಳಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ. ಅಂದಿನಿಂದ ಅವರು ಕೇಳುವ ಮೊದಲೇ ಫ್ಯಾನ್ ಹಾಕಿದೆ, ಕೇಳುವ ಮೊದಲೇ ಲೋಟ ಕೈಗಿಟ್ಟೆ. ಇಟ್ಟಾಗಲೆಲ್ಲ "ಥ್ಯಾಂಕ್ಸ್ ಕಣಮ್ಮ" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವರ ಬಾಯಿಂದ ಬರದ ಮಾತು.

ಸೋಮವಾರ ಹನ್ನೊಂದಕ್ಕೆ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಮೊಬೈಲು ಸದ್ದಾಯಿತು. ಅವರು ಕೈ ಒರೆಸಿಕೊಂಡು ನಿಧಾನವಾಗಿ ಓದಿದರು, ಇನ್ನೊಮ್ಮೆ ಓದಿದರು, ನನ್ನ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿ ಎರಡೇ ಸಾಲು. ಪ್ರವೇಶ ಮರಳಿ ಕೊಟ್ಟಿದ್ದಾರೆ, ಒಂದು ಯಂತ್ರ ಬೆಳಗಿನಿಂದ ಇವರಿಗಾಗಿ ಕಾಯುತ್ತಿದೆ.

ಮಹಡಿಗೆ ಓಡುತ್ತಾರೆಂದು ನಾನು ದಾರಿ ಬಿಟ್ಟು ಸರಿದೆ. ಅವರು ಏಳಲಿಲ್ಲ. ಪಕ್ಕದಲ್ಲಿ ಆರುತ್ತಿದ್ದ ಕಾಫಿ ಲೋಟ ಎತ್ತಿ ಒಂದು ಗುಟುಕು ಕುಡಿದು, ಹುಬ್ಬು ಗಂಟಿಕ್ಕಿದರು.

"ಇದೇನೇ ಇದು, ಕಲಗಚ್ಚು ಇದ್ದಂಗಿದೆ. ಮೂರು ದಿನದಿಂದ ಇದನ್ನೇ ಕುಡಿಸ್ತಿದೀಯ. ಚೆಲ್ಲು, ಬೇರೆ ಮಾಡು."

"ಮಾಡ್ತೀನಕ್ಕಾ" ಎಂದೆ. ಒಲೆಯ ಕಡೆ ತಿರುಗಿ, ಅವರಿಗೆ ಕಾಣದಂತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹಾಲಿಟ್ಟೆ.