ಮೋಡದೊಳಗಿನ ಬಾಣಂತಿ

ಎವರಿಸ್ತೊ ಅವತ್ತು ಮಧ್ಯಾಹ್ನ ಬಾಯಿ ಮುಚ್ಚಿಕೊಂಡು ಊಟ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಎರಡು ವರ್ಷ ಗೋಗರೆದು ದೊಡ್ಡ ದೂರದರ್ಶಕದ ಮೇಲೆ ನಾಲ್ಕು ರಾತ್ರಿ ಗಿಟ್ಟಿಸಿಕೊಂಡ ಬಡಪಾಯಿ ಅವನು. ಮೊದಲ ರಾತ್ರಿಯೇ ದಟ್ಟ ಧೂಳುಮೋಡದ ಹೊಟ್ಟೆಯಲ್ಲಿ ಆಗತಾನೆ ಹುಟ್ಟಿದ ದೈತ್ಯ ನಕ್ಷತ್ರ, ಅದರ ಸುತ್ತ ಐದು ಪುಟ್ಟ ಚುಕ್ಕೆ ಸಿಕ್ಕಿದ್ದವು. ಬರಿಗಣ್ಣಿಗೆ ಕಾಣದ, ಬಿಸಿ ಹೊಮ್ಮಿಸುವ ಅವಕೆಂಪು ಬೆಳಕಿನಲ್ಲಷ್ಟೇ ಕಾಣುವ ಸಂಸಾರ ಅದು.

"ಹೆರಿಗೆ ಆಗಿದೆ ಕಣ್ರಪ್ಪಾ!" ಎಂದು ಊಟದ ಕೋಣೆಯಲ್ಲಿ ಚಿತ್ರ ಎತ್ತಿ ಹಿಡಿದ.

ಅಟಕಾಮ ಮರುಭೂಮಿಯ ಆ ವೀಕ್ಷಣಾಲಯದ ಬೆಟ್ಟದಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ಹೊಸ ಚುಕ್ಕೆ ಕಂಡೆ ಎಂದರೆ, ದೂರದರ್ಶಕದ ಗುಮ್ಮಟದೊಳಗೆ ಬಿಸಿ ಪದಾರ್ಥ ಇಟ್ಟವರೆಲ್ಲ ತಪ್ಪೊಪ್ಪಿಕೊಳ್ಳಬೇಕು. ಬಿಸಿಯನ್ನಷ್ಟೇ ಕಾಣುವ ಆ ಯಂತ್ರಕ್ಕೆ ನಕ್ಷತ್ರವೂ ಒಂದೇ, ಚಹಾದ ಕೆಟಲೂ ಒಂದೇ.

"ನಂದೊಂದು ಎಂಪನಾದ ಕಡುಬಿನ ಪೊಟ್ಟಣ ಇತ್ತು, ಆದ್ರೆ ಬಿಸಿ ಇರೋವಾಗ್ಲೇ ತಿಂದ್ಬಿಟ್ಟೆ" ಎಂದ ಮೆಕ್ಯಾನಿಕ್.

"ತಡೀರಿ, ನಾನು ಗುಮ್ಮಟ ನೋಡ್ಕೊಂಡು ಬರ್ತೀನಿ" ಎಂದು ಎದ್ದವನು ಬಸ್ತಿಯಾಸ್. ದೂರದರ್ಶಕದ ಸರದಿಗಾಗಿ ಎವರಿಸ್ತೊನ ಹಿಂದೆಯೇ ಕಾದಿದ್ದವನು. ಹೋದಷ್ಟೇ ಬೇಗ ನಗುತ್ತಾ ಬಂದ.

"ಅಡುಗೆಯ ಹೆರ್ಮಿಂದಾಳ ನಾಯಿ ಗುಮ್ಮಟದಲ್ಲೇ ಹೆತ್ತು ಮಲಗಿದೆ! ದೊಡ್ಡದು ಒಂದು, ಸಣ್ಣವು ಐದು. ಎವರಿಸ್ತೊ, ನಿನ್ನ ನಕ್ಷತ್ರಕ್ಕೆ ಬಾಲ ಇದ್ಯಾ ನೋಡಪ್ಪ!"

ಕೋಣೆಯ ಸೂರು ಹಾರಿಹೋಗುವಂತೆ ಎಲ್ಲರೂ ನಕ್ಕರು. ಎವರಿಸ್ತೊನ ಮುಖ ಸುಟ್ಟ ಬದನೆಕಾಯಿಯಾಯಿತು.

"ಸ್ನೇಹಿತ ಅಂತ ಹೇಳ್ತೀನಿ, ಪತ್ರಿಕೆಯವರ ಕಿವಿಗೆ ಬೀಳೋ ಮುಂಚೆ ನೀನೇ ಒಪ್ಕೊಂಡ್ಬಿಡು" ಎಂದ ಬಸ್ತಿಯಾಸ್.

ಎವರಿಸ್ತೊ ಮುಖ್ಯಸ್ಥ ದೊನ್ ಆನ್ಸೆಲ್ಮೊಗೆ ಫೋನು ಮಾಡಿದ. "ಸಾರ್, ಬೆಳಿಗ್ಗೆ ಹೇಳಿದ್ನಲ್ಲ, ಅದು ನಕ್ಷತ್ರ ಅಲ್ಲ. ನಾಯಿ."

ಅತ್ತ ಕಡೆ ದೀರ್ಘ ಉಸಿರು. "ಉಳಿದ ಮೂರು ರಾತ್ರಿ ಬಸ್ತಿಯಾಸ್‌ಗೆ ಬಿಟ್ಕೊಡು. ನೀನು ಹೋಗಿ ನಿದ್ದೆ ಮಾಡು."

ಅಷ್ಟರಲ್ಲಿ ಹೆರ್ಮಿಂದಾ ಸಾರಿನ ಬಟ್ಟಲು ಹಿಡಿದು ಬಂದಳು. "ಇದೇನು ನಗು? ನನ್ನ ಬಾಣಂತಿಗೆ ಊಟ ಕೊಡೋಕೆ ಹೊರಟಿದ್ದೀನಿ, ದಾರಿ ಬಿಡಿ. ಪಾಪ, ರಾತ್ರಿಯೆಲ್ಲ ನನ್ನ ಒಲೆ ಹತ್ರಾನೇ ನರಳ್ತಾ ಬಿದ್ದಿತ್ತು. ಬೆಳಕು ಹರಿದ ಮೇಲೆ ಮರಿ ಹಾಕ್ತು. ಎಲ್ಲರ ಕಾಲಡಿ ಸಿಕ್ತವೆ ಅಂತ ನಾನೇ ಕಂಬಳಿ ಸಮೇತ ಗುಮ್ಮಟಕ್ಕೆ ಬಿಟ್ಟು ಬಂದೆ."

"ಬೆಳಿಗ್ಗೆನಾ? ರಾತ್ರಿ ಗುಮ್ಮಟದಲ್ಲಿ ಇರಲೇ ಇಲ್ವಾ?" ಎಂದ ಎವರಿಸ್ತೊ.

"ಇಲ್ಲ ಮಗಾ. ಯಾಕೆ?"

ಎವರಿಸ್ತೊ ಮತ್ತೆ ಫೋನಿಗೆ ಜಿಗಿದ. "ಸಾರ್, ಅದು ನಕ್ಷತ್ರವೇ!"

"ಬೆಳಿಗ್ಗೆ ನಕ್ಷತ್ರ, ಮಧ್ಯಾಹ್ನ ನಾಯಿ, ಈಗ ಮತ್ತೆ ನಕ್ಷತ್ರ! ಸಂಜೆಗೆ ಏನಪ್ಪಾ, ಕುದುರೆನಾ?" ಫೋನು ಕುಕ್ಕಿದ ಸದ್ದು ಕೋಣೆಗೆಲ್ಲ ಕೇಳಿಸಿತು.

ಬಸ್ತಿಯಾಸ್ ಮಾತ್ರ ನಗುವುದನ್ನು ನಿಲ್ಲಿಸಿದ್ದ. ಮೇಜಿನ ಮೇಲಿದ್ದ ಚಿತ್ರವನ್ನು ಮೆಲ್ಲಗೆ ಮಡಚಿ ಜೇಬಿಗಿಟ್ಟುಕೊಂಡು, ಎವರಿಸ್ತೊನ ಹೆಗಲ ಮೇಲೆ ಕೈ ಹಾಕಿದ.

"ಇನ್ನು ಮೂರು ರಾತ್ರಿ ನಂದಲ್ವಾ, ಒಂದು ಉಪಕಾರ ಮಾಡು ಮಾರಾಯಾ. ಆ ನಾಯಿನೂ ಮರಿಗಳನ್ನೂ ಇವತ್ತು ನಿನ್ನ ಕೋಣೇಲಿ ಮಲಗಿಸ್ಕೋ. ನಾಳೆ ಯಾರೂ ನನ್ನ ನಕ್ಷತ್ರಾನ ನಾಯಿ ಅನ್ನಬಾರದು ನೋಡು."